ಟ್ಯಾಂಕಿಗೆ ನೀರು ಹಾಕಿದರೆ ಗಾಡಿ ಓಡುತ್ತದೆಯೇ? ಹಸಿರು ಹೈಡ್ರೋಜನ್‌ನ ಅಸಲಿ ಲೆಕ್ಕ

‘ಪೆಟ್ರೋಲ್ ಬೇಡ, ನೀರು ಹಾಕಿ ಗಾಡಿ ಓಡಿಸಿ’ ಎನ್ನುವ ವಿಡಿಯೋ ನಿಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದಿರಬಹುದು. ಕೆಲವರು ಇದನ್ನೇ ಹಸಿರು ಹೈಡ್ರೋಜನ್ ಎಂದು ಫಾರ್ವರ್ಡ್ ಮಾಡುತ್ತಾರೆ. ಎರಡೂ ಒಂದೇ ಅಲ್ಲ.

ನೀರು ಇಂಧನವಲ್ಲ. ಹೈಡ್ರೋಜನ್ ಉರಿದ ಮೇಲೆ ಉಳಿಯುವುದೇ ನೀರು, ಒಲೆಯಲ್ಲಿ ಬೂದಿ ಉಳಿದಂತೆ. ಅದನ್ನು ಮತ್ತೆ ಒಡೆಯಲು ಹೊರಗಿನಿಂದ ಶಕ್ತಿ ಕೊಡಬೇಕು. ಎಲೆಕ್ಟ್ರೊಲೈಸರ್ ಎಂಬ ಯಂತ್ರ ನೀರಿನಲ್ಲಿ ವಿದ್ಯುತ್ ಹಾಯಿಸಿ ಹೈಡ್ರೋಜನ್ ಮತ್ತು ಆಮ್ಲಜನಕವನ್ನು ಬೇರ್ಪಡಿಸುತ್ತದೆ. ಆ ವಿದ್ಯುತ್ ಗಾಳಿ ಅಥವಾ ಬಿಸಿಲಿನಿಂದ ಬಂದಿದ್ದರೆ ಹೈಡ್ರೋಜನ್ ‘ಹಸಿರು’. ಅನಿಲಕ್ಕೇನೂ ಬಣ್ಣವಿಲ್ಲ! ರಸಗೊಬ್ಬರ ಕಾರ್ಖಾನೆಗಳು ಇಂದು ಬಳಸುವ ಹೈಡ್ರೋಜನ್ ಹೆಚ್ಚಾಗಿ ನೈಸರ್ಗಿಕ ಅನಿಲದ್ದು. ಅದರ ಒಂದು ಕಿಲೋ ತಯಾರಿಸುವಾಗ ಸುಮಾರು 10 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ.

ಹೊಂಬಳ, ಮುಂಡರಗಿ, ಶಿರಹಟ್ಟಿ ಕಡೆಯವರಿಗೆ ಗಾಳಿಯಂತ್ರ ಹೊಸದಲ್ಲ. ಕಪ್ಪತಗುಡ್ಡದ ಸುತ್ತ ಅವು ವರ್ಷಗಳಿಂದ ತಿರುಗುತ್ತಿವೆ. ಆ ಕರೆಂಟಿನಿಂದ ಹೈಡ್ರೋಜನ್ ಮಾಡಿ ಬೈಕಿಗೆ ತುಂಬಬಹುದಲ್ಲವೇ? ತುಂಬಬಹುದು, ಆದರೆ ನಷ್ಟ ದೊಡ್ಡದು. ಒಂದು ಕಿಲೋ ಹೈಡ್ರೋಜನ್‌ಗೆ ಸುಮಾರು 50 ಯೂನಿಟ್ ಬೇಕು. ಅದನ್ನು ಒತ್ತಡದಲ್ಲಿ ತುಂಬಿ, ಫ್ಯೂಯಲ್ ಸೆಲ್‌ನಲ್ಲಿ ಮತ್ತೆ ವಿದ್ಯುತ್ ಮಾಡಿದಾಗ ಸಿಗುವುದು 15ರಿಂದ 20 ಯೂನಿಟ್. ಅದೇ ಕರೆಂಟನ್ನು ಬ್ಯಾಟರಿಗೆ ತುಂಬಿದರೆ 35–40 ಯೂನಿಟ್ ಚಕ್ರಕ್ಕೆ ತಲುಪುತ್ತದೆ. ಬೈಕು, ಕಾರಿಗೆ ಬ್ಯಾಟರಿಯೇ ಲೇಸು. ದೂರ ಹೋಗುವ ಭಾರದ ಲಾರಿ, ಹಡಗುಗಳ ಮಾತು ಬೇರೆ.

ಹೈಡ್ರೋಜನ್‌ನ ನಿಜವಾದ ಕೆಲಸ ಕಾರ್ಖಾನೆಯಲ್ಲಿದೆ. ಗದಗದಿಂದ ಹೊಸಪೇಟೆ ದಾಟಿ ಬಳ್ಳಾರಿಯತ್ತ ಹೋದರೆ ತೋರಣಗಲ್ಲು ಸಿಗುತ್ತದೆ. ಅಲ್ಲಿನ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆಗಾಗಿ ವರ್ಷಕ್ಕೆ 3,800 ಟನ್ ಸಾಮರ್ಥ್ಯದ ಹಸಿರು ಹೈಡ್ರೋಜನ್ ಘಟಕ ಕಟ್ಟಲಾಗಿದೆ. ಅದಿರಿನಲ್ಲಿರುವ ಆಮ್ಲಜನಕವನ್ನು ಕಲ್ಲಿದ್ದಲಿನಿಂದ ತೆಗೆದರೆ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಹೈಡ್ರೋಜನ್‌ನಿಂದ ತೆಗೆದರೆ ನೀರಾವಿ. ಆದರೆ ಒಂದು ಟನ್ ಕಬ್ಬಿಣಕ್ಕೆ 50–60 ಕಿಲೋ ಹೈಡ್ರೋಜನ್ ಬೇಕು. ಅಂದರೆ 3,800 ಟನ್ ಸಾಲುವುದು ಸುಮಾರು 70 ಸಾವಿರ ಟನ್ ಕಬ್ಬಿಣಕ್ಕೆ ಮಾತ್ರ. ಆ ಕಾರ್ಖಾನೆಯ ಸಾಮರ್ಥ್ಯವೋ ವರ್ಷಕ್ಕೆ ಕೋಟಿ ಟನ್‌ಗೂ ಹೆಚ್ಚು. ‘ಕಲ್ಲಿದ್ದಲಿನ ಕಾಲ ಮುಗಿಯಿತು’ ಎನ್ನುವ ಮೆಸೇಜ್ ಬಂದರೆ ಈ ಲೆಕ್ಕ ನೆನಪಿರಲಿ.

‘ಹೈಡ್ರೋಜನ್ ಅಂದರೆ ಬಾಂಬ್’ ಎಂಬುದೂ ತಪ್ಪು. ಬಾಂಬಿನಲ್ಲಿ ನಡೆಯುವುದು ಪರಮಾಣು ಬೀಜಗಳ ಬೆಸುಗೆ, ಟ್ಯಾಂಕಿನಲ್ಲಿ ಅದು ಸಾಧ್ಯವಿಲ್ಲ. ಸೋರಿದರೆ ಬೆಂಕಿಯ ಅಪಾಯವಂತೂ ಇದೆ. ಅದರ ಜ್ವಾಲೆ ಹಗಲಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ.

ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಒಪ್ಪಿದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ₹19,744 ಕೋಟಿ ಇಟ್ಟಿದೆ. ಗುರಿ 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್. ಒಂದು ಕಿಲೋಗೆ ಕನಿಷ್ಠ 9 ಲೀಟರ್ ಶುದ್ಧ ನೀರು ಬೇಕು, ಶುದ್ಧೀಕರಣ ಮತ್ತು ತಂಪು ಮಾಡುವುದು ಸೇರಿದರೆ ಇನ್ನೂ ಹೆಚ್ಚು. ಗಾಳಿ ಸಾಕಷ್ಟಿದ್ದು ಮಳೆ ಕಡಿಮೆ ಇರುವ ನಮ್ಮ ಸೀಮೆಗೆ ಇಂಥ ಘಟಕ ಬಂದರೆ, ಮೊದಲು ಕೇಳಬೇಕಾದದ್ದು ಆ ನೀರು ಯಾವ ಹೊಳೆಯದು, ಯಾವ ಬೋರಿನದು ಎಂದು.