ಒಂದು ಇಂಜಿನ್ನಿನ ವಂಶಾವಳಿ

ಯಾವುದೇ ಜಾಲತಾಣದ ಪುಟವನ್ನು ಕೇಳುವಾಗ ಬ್ರೌಸರ್ ಎದುರಿನ ಕಂಪ್ಯೂಟರಿಗೆ ಮೊದಲು ತನ್ನ ಪರಿಚಯ ಹೇಳಿಕೊಳ್ಳುತ್ತದೆ. ಗೂಗಲ್ ಕಂಪೆನಿಯ ಕ್ರೋಮ್ ಹೇಳಿಕೊಳ್ಳುವ ಪರಿಚಯ ಸ್ವಲ್ಪ ವಿಚಿತ್ರವಾಗಿದೆ. ಅದು ಮೊದಲಿಗೆ ತನ್ನನ್ನು ‘ಮೊಝಿಲ್ಲಾ’ ಎನ್ನುತ್ತದೆ. ಆಮೇಲೆ ‘ಆಪಲ್ ವೆಬ್‌ಕಿಟ್’ ಎನ್ನುತ್ತದೆ. ಅದರ ಬೆನ್ನಿಗೇ ‘ಕೆಎಚ್‌ಟಿಎಂಎಲ್, ಗೆಕ್ಕೋದ ಹಾಗೆ’ ಎಂದು ಸೇರಿಸುತ್ತದೆ. ಇಷ್ಟೆಲ್ಲ ಆದ ಮೇಲೆ ತನ್ನ ಸ್ವಂತ ಹೆಸರು ಹೇಳಿ, ಕೊನೆಯಲ್ಲಿ ‘ಸಫಾರಿ’ ಎಂದು ಮುಗಿಸುತ್ತದೆ. ಹೆಸರು ನೋಡಿ ಪುಟ ಕೊಡುವ ಜಾಲತಾಣಗಳು ಒಂದು ಕಾಲದಲ್ಲಿ ಬಹಳ ಇದ್ದವು. ಹೊಸಬರು ಹಳಬರ ಹೆಸರು ಹೇಳಿಕೊಂಡೇ ಒಳಗೆ ಹೋಗಬೇಕಾಗಿತ್ತು. ಆ ಅಭ್ಯಾಸ ಹಾಗೆಯೇ ಉಳಿದುಬಿಟ್ಟಿದೆ. ಹೀಗಾಗಿ ಈ ಒಂದು ಸಾಲು ಈಗ ವಂಶಾವಳಿಯಂತೆ, ಉರ್ದುವಿನಲ್ಲಿ ನಾವು ಹೇಳುವ ಶಜರಾದಂತೆ ಕಾಣುತ್ತದೆ. ಅದರಲ್ಲಿ ‘ಕೆಎಚ್‌ಟಿಎಂಎಲ್’ ಎಂಬ ಹಿರಿಯ ಈಗ ಬದುಕಿಲ್ಲ. ಆತನ ಮೊಮ್ಮಗ ಮಾತ್ರ ಜಗತ್ತನ್ನೇ ಆಳುತ್ತಿದ್ದಾನೆ.

ಕತೆ ತಿಳಿಯಬೇಕಾದರೆ ಬ್ರೌಸರಿನ ಒಳಗೆ ಏನಿದೆ ಎಂಬುದನ್ನು ತಿಳಿಯಬೇಕು. ವಿಳಾಸ ಬರೆಯುವ ಜಾಗ, ಹಿಂದೆ ಮುಂದೆ ಹೋಗುವ ಗುಂಡಿಗಳು ಇವೆಲ್ಲ ಹೊರಗಿನ ಅಲಂಕಾರ. ನಿಜವಾದ ಕೆಲಸ ನಡೆಯುವುದು ಒಳಗಿನ ಇಂಜಿನ್ನಿನಲ್ಲಿ. ದೂರದ ಕಂಪ್ಯೂಟರಿನಿಂದ ಬರುವುದು ಸಿದ್ಧವಾದ ಪುಟವಲ್ಲ. ಬರೀ ಅಕ್ಷರಗಳು ಬರುತ್ತವೆ, ಜೊತೆಗೆ ‘ಇದು ತಲೆಬರಹ’, ‘ಇಲ್ಲಿ ಚಿತ್ರ’, ‘ಇದು ಕೆಂಪು’ ಎಂಬ ಸೂಚನೆಗಳು ಬರುತ್ತವೆ. ಅವನ್ನು ಓದಿ ಯಾವುದು ಎಲ್ಲಿ ಎಷ್ಟು ಅಗಲಕ್ಕೆ ಕೂರಬೇಕೆಂದು ಲೆಕ್ಕ ಹಾಕಿ ಪುಟ ಕಟ್ಟುವುದು ಇಂಜಿನ್. ಹಳೆಯ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವವರು ಮಾಡುತ್ತಿದ್ದ ಕೆಲಸವೇ ಇದು. ಇಂಜಿನ್ ಬರೆಯುವುದು ವರ್ಷಗಟ್ಟಲೆಯ ಕೆಲಸ. ಆದ್ದರಿಂದಲೇ ಇನ್ನೊಬ್ಬರ ಇಂಜಿನ್ ತೆಗೆದುಕೊಂಡು ಅದರ ಸುತ್ತ ಹೊಸ ಬ್ರೌಸರ್ ಕಟ್ಟುವ ಪದ್ಧತಿ ಮೊದಲಿನಿಂದಲೂ ಇದೆ.

ಜಿನೀವಾದ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ರೂಪಿಸಿದ ವೆಬ್ ತಂತ್ರಾಂಶವನ್ನು ಆ ಸಂಸ್ಥೆ 1993ರ ಏಪ್ರಿಲ್ 30ರಂದು ಯಾರು ಬೇಕಾದರೂ ಬಳಸಬಹುದೆಂದು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಅದೇ ವರ್ಷ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬೀನಾ ಮೊಸಾಯಿಕ್ ಎಂಬ ಬ್ರೌಸರ್ ಬರೆದರು. ಸ್ಪೈಗ್ಲಾಸ್ ಎಂಬ ಕಂಪೆನಿ ವಿಶ್ವವಿದ್ಯಾಲಯದಿಂದ ಮೊಸಾಯಿಕ್‌ನ ಹಕ್ಕು ಪಡೆಯಿತು. ಸ್ಪೈಗ್ಲಾಸ್‌ನಿಂದ ಮೈಕ್ರೋಸಾಫ್ಟ್ ಪಡೆಯಿತು. 1995ರ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಹುಟ್ಟಿದ್ದು ಹೀಗೆ. ಮಾರಾಟದ ಮೇಲೆ ಪಾಲು ಬರುತ್ತದೆಂದು ಸ್ಪೈಗ್ಲಾಸ್ ನಂಬಿತ್ತು. ಮೈಕ್ರೋಸಾಫ್ಟ್ ಅದನ್ನು ವಿಂಡೋಸ್ ಜೊತೆಗೆ ಉಚಿತವಾಗಿ ಹಂಚಿಬಿಟ್ಟಿತು. ಮಾರಾಟವೇ ಇಲ್ಲದ ಮೇಲೆ ಪಾಲೆಲ್ಲಿ? 1997ರಲ್ಲಿ 80 ಲಕ್ಷ ಡಾಲರ್ ಕೊಟ್ಟು ಆ ತಕರಾರನ್ನು ಮುಗಿಸಲಾಯಿತು.

ಇಲ್ಲಿ ಒಂದು ಮಾತು. ಇಂಗ್ಲಿಷಿನ ‘ಫ್ರೀ’ ಎಂಬ ಪದದಲ್ಲಿ ಎರಡು ಅರ್ಥಗಳು ಬೆರೆತುಹೋಗಿವೆ. ನಮಗೆ ಆ ಗೊಂದಲವಿಲ್ಲ. ಕನ್ನಡದಲ್ಲಿ ಉಚಿತ ಬೇರೆ, ಮುಕ್ತ ಬೇರೆ. ಉರ್ದುವಿನಲ್ಲಿ ಮುಫ್ತ್ ಬೇರೆ, ಆಝಾದ್ ಬೇರೆ. ಎಕ್ಸ್‌ಪ್ಲೋರರ್ ಉಚಿತವಾಗಿತ್ತು, ಮುಕ್ತವಾಗಿರಲಿಲ್ಲ. ಅದರ ಒಳಗನ್ನು ಯಾರೂ ನೋಡುವಂತಿರಲಿಲ್ಲ, ತಿದ್ದುವಂತಿರಲಿಲ್ಲ. ಅದರ ಎದುರು ಸೋಲುತ್ತಿದ್ದ ನೆಟ್‌ಸ್ಕೇಪ್ 1998ರ ಮಾರ್ಚ್ 31ರಂದು ತನ್ನ ಬ್ರೌಸರಿನ ಮೂಲ ಸಂಕೇತವನ್ನೇ ಬಹಿರಂಗಗೊಳಿಸಿತು. ಅದರಿಂದ ಮೊಝಿಲ್ಲಾ ಯೋಜನೆ ಹುಟ್ಟಿತು. ಹಳೆಯದನ್ನು ಬದಿಗಿಟ್ಟು ಹೊಸದಾಗಿ ಕಟ್ಟಿದ ಇಂಜಿನ್ನಿಗೆ ಗೆಕ್ಕೋ ಎಂಬ ಹೆಸರು ಬಂತು.

ಆದರೆ ಮೊಝಿಲ್ಲಾ ಬಹಳ ಭಾರವಾದ ತಂತ್ರಾಂಶವಾಗಿತ್ತು. ಅಂಚೆ, ಸುದ್ದಿ, ಪುಟ ಬರೆಯುವ ಸಾಧನ ಎಲ್ಲವನ್ನೂ ಅದರಲ್ಲಿ ತುಂಬಿದ್ದರು. ಹಾಗಾಗಿ ಬೇರೆ ಬೇರೆ ಕಡೆಯ ಸ್ವಯಂಸೇವಕರು ಗೆಕ್ಕೋ ಇಂಜಿನ್ನನ್ನು ಮಾತ್ರ ತೆಗೆದುಕೊಂಡು ಹಗುರವಾದ ಬ್ರೌಸರ್‌ಗಳನ್ನು ಕಟ್ಟಿದರು. ಲಿನಕ್ಸ್ ಬಳಸುವವರಿಗೆ 2000ದಲ್ಲಿ ಮಾರ್ಕೋ ಪೆಸೆಂಟಿ ಗ್ರಿಟ್ಟಿ ಆರಂಭಿಸಿದ ಗೇಲಿಯಾನ್ ಬಂತು. ವಿಂಡೋಸ್‌ಗೆ ಕೆ-ಮಿಲಿಯಾನ್ ಬಂತು. ಆಪಲ್ ಕಂಪ್ಯೂಟರುಗಳಿಗೆ 2002ರಲ್ಲಿ ಕಿಮೇರಾ ಬಂತು, ಮರುವರ್ಷ ಅದು ಕಮೀನೋ ಎಂದು ಹೆಸರು ಬದಲಿಸಿಕೊಂಡಿತು. ಮೊಝಿಲ್ಲಾದ ಒಳಗೇ ಕೆಲವು ಯುವಕರು 2002ರಲ್ಲೇ ಫೀನಿಕ್ಸ್ ಎಂಬ ಹಗುರ ಬ್ರೌಸರ್ ಹೊರತಂದರು. ಅದೇ ಎರಡು ಸಲ ಹೆಸರು ಬದಲಿಸಿ 2004ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 1.0 ಆಗಿ ಜಗತ್ತಿಗೆ ಪರಿಚಯವಾಯಿತು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಎಕ್ಸ್‌ಪ್ಲೋರರ್ ಬಳಸುತ್ತಿದ್ದ ಕಾಲ ಅದು. ಎದುರು ನಿಂತದ್ದು ಈ ಸಣ್ಣ ಸಣ್ಣ ಗುಂಪುಗಳು.

ಇದೇ ಹೊತ್ತಿಗೆ ಜರ್ಮನಿಯಲ್ಲಿ ಹುಟ್ಟಿದ ಕೆಡಿಇ ಎಂಬ ಲಿನಕ್ಸ್ ಬಳಗ ಬೇರೆಯೇ ಇಂಜಿನ್ ಬರೆಯುತ್ತಿತ್ತು. ಲಾರ್ಸ್ ಕ್ನೋಲ್, ಹ್ಯಾರಿ ಪೋರ್ಟನ್ ಮುಂತಾದ ಕೆಲವೇ ಕೆಲವರ ಕೈಯಲ್ಲಿ ಅದು ಬೆಳೆಯಿತು. ಅದಕ್ಕೆ ಕೆಎಚ್‌ಟಿಎಂಎಲ್ ಎಂದು ಹೆಸರಿಟ್ಟರು. 2000ದ ಅಕ್ಟೋಬರಿನಲ್ಲಿ ಅದು ಕಾಂಕರರ್ ಎಂಬ ಬ್ರೌಸರಿನೊಳಗೆ ಹೊರಬಂತು. ನೆಟ್‌ಸ್ಕೇಪ್‌ನದು ನ್ಯಾವಿಗೇಟರ್, ಅಂದರೆ ನಾವಿಕ. ಮೈಕ್ರೋಸಾಫ್ಟ್‌ನದು ಶೋಧಕ. ಅವರಿಬ್ಬರ ನಂತರ ಬರಬೇಕಾದವನು ವಿಜೇತ ತಾನೇ ಎಂಬ ತಮಾಷೆ ಆ ಹೆಸರಿನಲ್ಲಿತ್ತು. ಅದನ್ನು ಎಲ್‌ಜಿಪಿಎಲ್ ಎಂಬ ಪರವಾನಗಿಯಡಿ ಕೊಟ್ಟಿದ್ದರು. ಯಾರು ಬೇಕಾದರೂ ಬಳಸಬಹುದು, ತಮ್ಮ ಮುಚ್ಚಿದ ತಂತ್ರಾಂಶದೊಂದಿಗೂ ಸೇರಿಸಿಕೊಳ್ಳಬಹುದು. ಆದರೆ ಇಂಜಿನ್ನನ್ನು ತಿದ್ದಿ ಹಂಚಿದರೆ ತಿದ್ದಿದ ಭಾಗವನ್ನೂ ಬಹಿರಂಗಪಡಿಸಬೇಕು. ಷರತ್ತು ಇಷ್ಟೇ.

2003ರ ಜನವರಿ 7ರಂದು ಆಪಲ್ ಕಂಪೆನಿ ಸಫಾರಿ ಎಂಬ ತನ್ನ ಬ್ರೌಸರನ್ನು ಪ್ರಕಟಿಸಿತು. ಒಳಗಿದ್ದ ಇಂಜಿನ್ ಕೆಎಚ್‌ಟಿಎಂಎಲ್. ಕೆಡಿಇ ಬಳಗದ ಬಹಳ ಮಂದಿಗೆ ಆ ದಿನದವರೆಗೂ ಸುದ್ದಿಯೇ ಇರಲಿಲ್ಲ. ಆಪಲ್‌ನ ಡಾನ್ ಮೆಲ್ಟನ್ ಅಂದು ಅವರಿಗೆ ಪತ್ರ ಬರೆದು, ಒಂದು ಲಕ್ಷ ನಲವತ್ತು ಸಾವಿರ ಸಾಲುಗಳಿಗಿಂತ ಕಡಿಮೆ ಸಂಕೇತದಲ್ಲಿ ಇಷ್ಟು ಒಳ್ಳೆಯ ಇಂಜಿನ್ ಕಟ್ಟಿದ್ದಕ್ಕೆ ಮೆಚ್ಚುಗೆ ಸೂಚಿಸಿದರು. ಬಿಡುವಿನ ವೇಳೆಯಲ್ಲಿ ಬರೆದ ತಂತ್ರಾಂಶವನ್ನು ಅಷ್ಟು ದೊಡ್ಡ ಕಂಪೆನಿ ಆರಿಸಿಕೊಂಡದ್ದು ಅವರಿಗೆ ಸಂತೋಷ ತಂದಿರಬೇಕು.

ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ಆಪಲ್ ಪರವಾನಗಿಯ ಷರತ್ತನ್ನು ಮುರಿಯಲಿಲ್ಲ. ತಿದ್ದಿದ್ದೆಲ್ಲವನ್ನೂ ಕೊಟ್ಟಿತು. ಆದರೆ ಕೊಡುವ ರೀತಿ ಹೇಗಿತ್ತೆಂದರೆ, ತಿಂಗಳುಗಟ್ಟಲೆ ನಡೆದ ಕೆಲಸವನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿ ಎದುರಿಗಿಟ್ಟ ಹಾಗೆ. ಯಾವ ಬದಲಾವಣೆ ಯಾವ ಕಾರಣಕ್ಕೆ ಎಂಬುದು ಗಂಟು ಬಿಚ್ಚಿದರೂ ಗೊತ್ತಾಗುತ್ತಿರಲಿಲ್ಲ. 2005ರಲ್ಲಿ ಸಫಾರಿ ಒಂದು ಕಠಿಣ ಪರೀಕ್ಷೆಯಲ್ಲಿ ತೇರ್ಗಡೆಯಾದಾಗ, ಇನ್ನು ಕಾಂಕರರ್ ಕೂಡ ಹಾಗೇ ಆಗುತ್ತದೆಂದು ಜನ ಭಾವಿಸಿದರು. ಆಗ ಕೆಡಿಇಯವರು ಬೇಸರದಿಂದ ಬಾಯಿ ಬಿಟ್ಟರು. ಆ ಟೀಕೆಯ ನಂತರ, 2005ರ ಜೂನ್‌ನಲ್ಲಿ, ಆಪಲ್ ವೆಬ್‌ಕಿಟ್ ಎಂಬ ಹೆಸರಿನಲ್ಲಿ ಇಂಜಿನ್ನಿನ ದೈನಂದಿನ ಕೆಲಸವನ್ನೇ ಎಲ್ಲರಿಗೂ ಕಾಣುವಂತೆ ತೆರೆದಿಟ್ಟಿತು.

ತೆರೆದ ಬಾಗಿಲಿನಿಂದ ಮುಂದಿನವರು ಬಂದರು. 2008ರ ಸೆಪ್ಟೆಂಬರಿನಲ್ಲಿ ಗೂಗಲ್ ವೆಬ್‌ಕಿಟ್ ಬಳಸಿ ಕ್ರೋಮ್ ಹೊರತಂದಿತು. 2013ರ ಏಪ್ರಿಲ್‌ನಲ್ಲಿ ಆಪಲ್‌ನೊಂದಿಗಿನ ದಾರಿ ಬಿಟ್ಟು, ಅದೇ ಇಂಜಿನ್ನಿನ ತನ್ನ ಕವಲಿಗೆ ಬ್ಲಿಂಕ್ ಎಂದು ಹೆಸರಿಟ್ಟಿತು. ಅದೇ ವರ್ಷ ನಾರ್ವೆಯ ಒಪೆರಾ ಕಂಪೆನಿ ತನ್ನ ಸ್ವಂತ ಇಂಜಿನ್ ಪ್ರೆಸ್ಟೋವನ್ನು ಕೈಬಿಟ್ಟು ಇವರ ಹಿಂದೆ ಹೊರಟಿತು. 2018ರ ಡಿಸೆಂಬರಿನಲ್ಲಿ ಸಾಕ್ಷಾತ್ ಮೈಕ್ರೋಸಾಫ್ಟ್ ಕೂಡ ತನ್ನ ಇಂಜಿನ್ ಬಿಡುವುದಾಗಿ ಘೋಷಿಸಿತು. 2020ರ ಜನವರಿಯಲ್ಲಿ ಬಂದ ಹೊಸ ಎಡ್ಜ್ ಬ್ರೌಸರಿನ ಒಳಗೆ ಇರುವುದು ಬ್ಲಿಂಕ್. ಬ್ರೇವ್, ವಿವಾಲ್ಡಿ ಮುಂತಾದ ಪರ್ಯಾಯಗಳ ಒಳಗೆ ಇರುವುದೂ ಅದೇ.

ಅತ್ತ ಗೆಕ್ಕೋವನ್ನು ನಂಬಿದವರ ಪಾಡೇನಾಯಿತು? 2011ರಲ್ಲಿ ಮೊಝಿಲ್ಲಾ, ಬೇರೆಯವರು ತಮ್ಮ ತಂತ್ರಾಂಶದೊಳಗೆ ಗೆಕ್ಕೋ ಕೂರಿಸಿಕೊಳ್ಳಲು ಕೊಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ಫೈರ್‌ಫಾಕ್ಸ್‌ನ ಕೆಲಸವೇ ಅದಕ್ಕೆ ಸಾಕಷ್ಟಿತ್ತು. ಕಮೀನೋದ ಸ್ವಯಂಸೇವಕರು ಎರಡು ವರ್ಷ ಹೆಣಗಿ 2013ರ ಮೇನಲ್ಲಿ ಕೈಚೆಲ್ಲಿದರು. ಸಂಕೇತ ಮುಕ್ತವಾಗಿಯೇ ಇತ್ತು. ಆದರೆ ಇಂಜಿನ್ ಎತ್ತ ಹೋಗಬೇಕೆಂದು ತೀರ್ಮಾನಿಸುವ ಜಾಗದಲ್ಲಿ ಅವರು ಇರಲಿಲ್ಲ.

ಈ ಇತಿಹಾಸದ ತಿರುಳು ನನಗೆ ಕಾಣುವುದು ಇಲ್ಲಿಯೇ. ಪರವಾನಗಿ ಕಾಪಾಡುವುದು ಸಂಕೇತವನ್ನು. ತೀರ್ಮಾನಿಸುವ ಅಧಿಕಾರವನ್ನು ಅದು ಕಾಪಾಡುವುದಿಲ್ಲ. ಬ್ಲಿಂಕ್ ಇಂದಿಗೂ ಮುಕ್ತ ತಂತ್ರಾಂಶವೇ. ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು. ಆದರೆ ಅದು ಎತ್ತ ಸಾಗಬೇಕೆಂದು ನಿರ್ಧರಿಸುವ ಬಹುಪಾಲು ಇಂಜಿನಿಯರುಗಳಿಗೆ ಸಂಬಳ ಕೊಡುವುದು ಗೂಗಲ್. ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್‌ಗಳು ಬಳಸುತ್ತಿದ್ದ ಹಳೆಯ ವಿಧಾನವನ್ನು ಗೂಗಲ್ 2024ರಿಂದ ಕ್ರೋಮ್‌ನಲ್ಲಿ ಹಂತಹಂತವಾಗಿ ತೆಗೆದುಹಾಕಿತು. ಅದೇ ಬುನಾದಿಯ ಮೇಲೆ ನಿಂತ ಸಣ್ಣ ಬ್ರೌಸರ್‌ಗಳಿಗೆ ಉಳಿದದ್ದು ಎರಡೇ ದಾರಿ. ಒಪ್ಪಿಕೊಳ್ಳಬೇಕು, ಇಲ್ಲವೇ ತೆಗೆದುಹಾಕಿದ ಭಾಗವನ್ನು ತಾವೇ ಹೊತ್ತು ನಡೆಯಬೇಕು. ಪ್ರತಿ ಹೊಸ ಆವೃತ್ತಿಗೂ ಆ ಹೊರೆ ಭಾರವಾಗುತ್ತ ಹೋಗುತ್ತದೆ. ಐಫೋನ್‌ನಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಯುರೋಪಿನ ಹೊಸ ಕಾನೂನಿಗೆ ಮಣಿದು 2024ರಲ್ಲಿ ಅಲ್ಲಿ ಮಾತ್ರ ನಿಯಮ ಸಡಿಲಿಸುವವರೆಗೆ, ಫೈರ್‌ಫಾಕ್ಸ್ ಎಂದಿರಲಿ ಕ್ರೋಮ್ ಎಂದಿರಲಿ, ಐಫೋನ್‌ನಲ್ಲಿ ಎಲ್ಲ ಬ್ರೌಸರಿನ ಒಳಗೂ ಆಪಲ್‌ನ ವೆಬ್‌ಕಿಟ್ ಇರಲೇಬೇಕಾಗಿತ್ತು.

ಹಾಗಾದರೆ ಒಂದೇ ಇಂಜಿನ್ನನ್ನು ಎಲ್ಲರೂ ಹಂಚಿಕೊಳ್ಳುವುದೇ ತಪ್ಪೇ? ಹಾಗೆ ಹೇಳಲಾಗದು. ನಮ್ಮ ಲಿಪಿಗಳ ಉದಾಹರಣೆಯನ್ನೇ ನೋಡಿ. ‘ಕರ್ಮ’ ಎಂದು ಬರೆಯುವಾಗ ಕಂಪ್ಯೂಟರಿನಲ್ಲಿ ‘ರ’ ಮೊದಲು, ‘ಮ’ ಆಮೇಲೆ ಇರುತ್ತದೆ. ಆದರೆ ಪುಟದಲ್ಲಿ ಅರ್ಕಾವೊತ್ತು ‘ಮ’ದ ನಂತರ ಕಾಣಬೇಕು. ಉರ್ದುವಿನಲ್ಲಿ ಒಂದೇ ಅಕ್ಷರ ಪದದ ಮೊದಲಲ್ಲಿ ಒಂದು ರೂಪ, ನಡುವೆ ಒಂದು ರೂಪ, ಕೊನೆಯಲ್ಲಿ ಇನ್ನೊಂದು ರೂಪ ತಳೆಯುತ್ತದೆ. ನಸ್ತಲೀಖ್ ಶೈಲಿಯಲ್ಲಂತೂ ಪದ ಮೇಲಿನಿಂದ ಕೆಳಕ್ಕೆ ಓರೆಯಾಗಿ ಇಳಿಯುತ್ತದೆ. ಈ ಜೋಡಣೆಯನ್ನು ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಮಾಡುವುದು ಹರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ. ಉರ್ದು ಬಲ್ಲವರಿಗೆ ಹೆಸರಿನಲ್ಲೇ ಅರ್ಥ ಹೊಳೆಯುತ್ತದೆ. ‘ಹರ್ಫ್’ ಎಂದರೆ ಅಕ್ಷರ, ಫಾರಸಿಯ ‘ಬಾಝ್’ ಎಂದರೆ ತೆರೆದದ್ದು. ಓಪನ್‌ಟೈಪ್ ಎಂಬ ಫಾಂಟ್ ವ್ಯವಸ್ಥೆಯ ಹೆಸರನ್ನೇ ಫಾರಸಿಗೆ ತಿರುಗಿಸಿದ್ದಾರೆ. ಇದನ್ನು ಇಂದಿನ ರೂಪಕ್ಕೆ ತಂದವರು ಇರಾನ್ ಮೂಲದ ಬೆಹದಾದ್ ಎಸ್ಫಹ್‌ಬೋದ್. ಬೇರೆ ಬೇರೆ ಬಳಗಗಳ ಕೈಯಲ್ಲಿ ಚದುರಿಹೋಗಿದ್ದ ಹಳೆಯ ಸಂಕೇತವನ್ನು ಮೊದಲು ಒಟ್ಟುಗೂಡಿಸಿದಾಗ ಅವರ ಜೊತೆಗಿದ್ದವರಲ್ಲಿ ಕೆಎಚ್‌ಟಿಎಂಎಲ್‌ನ ಅದೇ ಲಾರ್ಸ್ ಕ್ನೋಲ್ ಕೂಡ ಒಬ್ಬರು. ಇಲ್ಲಿ ಹಂಚಿಕೆಯಿಂದ ನಮಗೆ ಲಾಭವೇ ಆಗಿದೆ. ಒಂದು ಕಡೆ ಒತ್ತಕ್ಷರ ಸರಿಯಾದರೆ ಹತ್ತು ಕಡೆ ಸರಿಯಾಗುತ್ತದೆ.

ಆದರೆ ಇದೇ ಮಾತಿಗೆ ಇನ್ನೊಂದು ಮುಖವಿದೆ. ಎಲ್ಲೆಡೆ ಒಂದೇ ಇಂಜಿನ್ ಆದರೆ ಒಂದು ಕಡೆ ಕೆಟ್ಟದ್ದು ಹತ್ತು ಕಡೆ ಕೆಡುತ್ತದೆ. ಸಣ್ಣ ಭಾಷೆಯವರು ಹೇಳಿಕೊಳ್ಳಲು ಹೋಗಬೇಕಾದ ಬಾಗಿಲೂ ಒಂದೇ ಆಗುತ್ತದೆ. ಇಂದು ದೊಡ್ಡ ಪ್ರಮಾಣದಲ್ಲಿ ಬಳಕೆಯಲ್ಲಿರುವ ಇಂಜಿನ್‌ಗಳು ಮೂರೇ. ಬ್ಲಿಂಕ್ ಮತ್ತು ವೆಬ್‌ಕಿಟ್ ಒಂದೇ ವಂಶದವು. ಬೇರೆ ವಂಶದ್ದು ಗೆಕ್ಕೋ ಒಂದೇ. ಅದನ್ನು ಸಾಕುವ ಮೊಝಿಲ್ಲಾದ ಆದಾಯದ ಬಹುಪಾಲು ಬರುವುದು ಗೂಗಲ್‌ನಿಂದ, ಫೈರ್‌ಫಾಕ್ಸ್‌ನಲ್ಲಿ ಗೂಗಲ್ ಹುಡುಕಾಟವನ್ನು ಮೊದಲಿಗಿಟ್ಟದ್ದಕ್ಕಾಗಿ. ಹುಡುಕಾಟದಲ್ಲಿ ಗೂಗಲ್ ಕಾನೂನುಬಾಹಿರ ಏಕಸ್ವಾಮ್ಯ ನಡೆಸಿದೆ ಎಂದು ಅಮೆರಿಕದ ನ್ಯಾಯಾಲಯ 2024ರಲ್ಲಿ ತೀರ್ಪು ಕೊಟ್ಟಿತು. 2025ರ ಸೆಪ್ಟೆಂಬರಿನ ಆದೇಶದಲ್ಲಿ ಕ್ರೋಮ್ ಮಾರಬೇಕೆಂಬ ಸರ್ಕಾರದ ಬೇಡಿಕೆಯನ್ನು ಅದು ಒಪ್ಪಲಿಲ್ಲ, ಇಂತಹ ಹಣ ಕೊಡುವುದನ್ನು ಪೂರ್ತಿಯಾಗಿ ನಿಲ್ಲಿಸಲೂ ಇಲ್ಲ. ಎದುರಾಳಿಯ ಅನ್ನದಲ್ಲಿ ಬದುಕುವ ಸ್ಥಿತಿ ಮುಂದುವರಿದಿದೆ.

ಕೆಎಚ್‌ಟಿಎಂಎಲ್‌ನ ಕೊನೆಯನ್ನೂ ಹೇಳಬೇಕು. ಕೆಡಿಇ ಬಳಗ 2024ರ ಫೆಬ್ರವರಿಯಲ್ಲಿ ಹೊರತಂದ ತನ್ನ ಹೊಸ ಬುನಾದಿಯಲ್ಲಿ ಅದಕ್ಕೆ ಜಾಗ ಕೊಡಲಿಲ್ಲ. ನೋಡಿಕೊಳ್ಳುವವರು ಇರಲಿಲ್ಲ. ಕಾಂಕರರ್ ಮಾತ್ರ ಇನ್ನೂ ಇದೆ, ಆದರೆ ಅದರೊಳಗೆ ಈಗ ಪುಟ ಕಟ್ಟುವುದು ಗೂಗಲ್‌ನ ಬ್ಲಿಂಕ್. ಯಾರ ಮನೆಯಿಂದ ಇಂಜಿನ್ ಹೋಗಿತ್ತೋ ಅವರೇ ಇಂದು ಅದರ ವಂಶದವರ ಮನೆಯಿಂದ ತಂದುಕೊಳ್ಳುತ್ತಿದ್ದಾರೆ.

ಇದನ್ನು ಸೋಲಿನ ಕತೆ ಎಂದು ಓದಬೇಕಾಗಿಲ್ಲ. ಆ ಕೆಲವರು ಕೊಟ್ಟದ್ದು ಇಂದು ಕೋಟ್ಯಂತರ ಜನರ ಕೈಯಲ್ಲಿದೆ. ಹೊಸಬರೂ ಬರುತ್ತಿದ್ದಾರೆ. ಮೊಝಿಲ್ಲಾ ಆರಂಭಿಸಿ 2020ರಲ್ಲಿ ಕೈಬಿಟ್ಟ ಸರ್ವೋ ಇಂಜಿನ್ನನ್ನು ಬೇರೆಯವರು ಮುಂದುವರಿಸುತ್ತಿದ್ದಾರೆ. ಹಿಂದೆ ವೆಬ್‌ಕಿಟ್‌ನಲ್ಲೇ ಕೆಲಸ ಮಾಡಿದ್ದ ಆಂಡ್ರಿಯಾಸ್ ಕ್ಲಿಂಗ್, ಯಾರ ಇಂಜಿನ್ನನ್ನೂ ಆಶ್ರಯಿಸದೆ ಲೇಡಿಬರ್ಡ್ ಎಂಬ ಬ್ರೌಸರ್ ಕಟ್ಟುತ್ತಿದ್ದಾರೆ. ಅದಕ್ಕಾಗಿ 2024ರಲ್ಲಿ ಲಾಭರಹಿತ ಸಂಸ್ಥೆಯೊಂದು ಹುಟ್ಟಿಕೊಂಡಿದೆ. ಇವು ಗೆಲ್ಲುತ್ತವೆಯೋ ಇಲ್ಲವೋ ಕಾಲ ಹೇಳಬೇಕು. ಬಾವಿ ತೋಡಿ ಊರಿಗೆ ಬಿಟ್ಟುಕೊಡುವುದು ದೊಡ್ಡ ಕೆಲಸ. ಆದರೆ ವರ್ಷ ವರ್ಷ ಹೂಳೆತ್ತಲು ಊರಿನವರು ಇಳಿಯದಿದ್ದರೆ, ಹೂಳೆತ್ತಿದವನೇ ಒಂದು ದಿನ ಬಾವಿಯ ಯಜಮಾನನಾಗುತ್ತಾನೆ.