‘ನಿನಗ ಹೆಂಗ ಗೊತ್ತು?’ – ಹ್ಯೂಮನಿಂದ ಎಚ್. ನರಸಿಂಹಯ್ಯನವರವರೆಗೆ

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ನಾಲ್ಕು ಮಾತು ಬರೆಯಲು ಅವಕಾಶ ಸಿಕ್ಕಿದ್ದು ನನ್ನ ಭಾಗ್ಯ. ನಾನು ಇತಿಹಾಸ ಓದಿದವನಲ್ಲ, ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಆದರೆ ಇಲ್ಲಿ ನಮಗೆ ವಿಜ್ಞಾನ ಕಲಿಸಿದ ಗುರುಗಳ ಒಂದು ಪ್ರಶ್ನೆ ನನ್ನನ್ನು ಇತಿಹಾಸದ ಕಡೆಗೆ ಎಳೆದೊಯ್ದಿತು. ನಾವು ಏನೇ ಉತ್ತರ ಹೇಳಲಿ, ಅದು ಸರಿಯೇ ಇರಲಿ, ಅವರು ಕೇಳುತ್ತಿದ್ದರು: “ನಿನಗ ಹೆಂಗ ಗೊತ್ತು?”

ಆ ಪ್ರಶ್ನೆಯ ಬೆಲೆ ನನಗೆ ತಿಳಿದದ್ದು ತಡವಾಗಿ. ನಾನು ಎಂಟನೆಯ ತರಗತಿಯಲ್ಲಿದ್ದಾಗ, ಜೋಳದ ಸುಗ್ಗಿಯಲ್ಲಿ, ನಮ್ಮ ಕಾಕಾನಿಗೆ ಹೊಲದಲ್ಲಿ ಹಾವು ಕಚ್ಚಿತು. ಮನೆಯವರು ಮೊದಲು ಕರೆದೊಯ್ದದ್ದು ಮಂತ್ರ ಹಾಕುವ ಹಿರಿಯರೊಬ್ಬರ ಬಳಿಗೆ. ಆಸ್ಪತ್ರೆಗೆ ಹೊರಡುವಷ್ಟರಲ್ಲಿ ಮೂರು ತಾಸು ಕಳೆದಿತ್ತು. ದಾರಿಯಲ್ಲೇ ಕಾಕಾ ತೀರಿಕೊಂಡ. ಆ ಹಿರಿಯರು ಮೋಸಗಾರರಲ್ಲ. ಯಾರಿಂದಲೂ ಒಂದು ರೂಪಾಯಿ ಮುಟ್ಟಿದವರಲ್ಲ. ಮಣ್ಣಿಗೆ ಬಂದು ಅತ್ತರು. ನಮ್ಮ ಅಜ್ಜಿಯೂ ದಡ್ಡಿಯಲ್ಲ. “ಅವರ ಕಡೆ ಹೋದವರು ಎಷ್ಟೋ ಮಂದಿ ಉಳಿದಾರ, ನಾ ಕಣ್ಣಾರೆ ಕಂಡೀನಿ” ಎಂದಿದ್ದಳು. ಅದು ಸುಳ್ಳೂ ಆಗಿರಲಿಲ್ಲ. ಹಾಗಾದರೆ ತಪ್ಪಾದದ್ದೆಲ್ಲಿ?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ದೂರದ ಸ್ಕಾಟ್ಲೆಂಡಿನ ಒಬ್ಬ ತತ್ತ್ವಜ್ಞಾನಿಯ ಬರಹದಲ್ಲಿ. ಯುರೋಪಿನಲ್ಲಿ 17 ಮತ್ತು 18ನೆಯ ಶತಮಾನಗಳಲ್ಲಿ ಅನುಭವವಾದಿಗಳು ಎಂಬ ಚಿಂತಕರ ಒಂದು ಪರಂಪರೆ ಬೆಳೆಯಿತು. ಹುಟ್ಟುವಾಗ ಮನಸ್ಸು ಏನೂ ಬರೆಯದ ಹಾಳೆಯಂತಿರುತ್ತದೆ, ಅದರ ಮೇಲೆ ಬರೆಯುವುದು ಅನುಭವ ಎಂದವನು ಇಂಗ್ಲೆಂಡಿನ ಜಾನ್ ಲಾಕ್. 1711ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ ಡೇವಿಡ್ ಹ್ಯೂಮ್ ಈ ಮಾತನ್ನು ಕೊನೆಯವರೆಗೂ ಒಯ್ದ. 1748ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಪವಾಡಗಳ ಮೇಲೆ ಒಂದು ಅಧ್ಯಾಯವಿದೆ. ಅದರ ಸಾರ ಸರಳ. ಸಾಕ್ಷಿ ಎಷ್ಟಿದೆಯೋ ನಂಬಿಕೆ ಅಷ್ಟೇ ಇರಲಿ. ಯಾರಾದರೂ ಪವಾಡ ಕಂಡೆ ಎಂದರೆ ತಕ್ಕಡಿ ಹಿಡಿದು ತೂಗಿ ನೋಡು: ನಿಸರ್ಗದ ನಿಯಮವೇ ಮುರಿದಿರುವ ಸಾಧ್ಯತೆ ಹೆಚ್ಚೋ, ಹೇಳುವವರು ತಪ್ಪಿರುವ ಸಾಧ್ಯತೆ ಹೆಚ್ಚೋ?

ಹಾಗಾದರೆ ದೇವರ ಭಯವಿಲ್ಲದಿದ್ದರೆ ನೀತಿ ಉಳಿಯುವುದೇ ಎಂದು ಅಂದಿನವರೂ ಕೇಳಿದರು. ನೀತಿಯ ಬೇರು ನರಕದ ಭಯದಲ್ಲಿಲ್ಲ, ಇನ್ನೊಬ್ಬರ ನೋವಿಗೆ ಮಿಡಿಯುವ ಮನಸ್ಸಿನಲ್ಲಿದೆ ಎಂಬುದು ಹ್ಯೂಮನ ಉತ್ತರ. ಇಂಥ ವಿಚಾರಗಳಿಗಾಗಿಯೇ ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆ ಅವನ ಕೈತಪ್ಪಿತು. ಅವನು ತೀರಿಕೊಂಡದ್ದು 1776ರಲ್ಲಿ.

ಸರಿಯಾಗಿ ಇನ್ನೂರು ವರ್ಷಗಳ ನಂತರ, 1976ರಲ್ಲಿ, ಅದೇ ತಕ್ಕಡಿಯನ್ನು ಕರ್ನಾಟಕದಲ್ಲಿ ಒಬ್ಬರು ಎತ್ತಿ ಹಿಡಿದರು. ಅವರು ಡಾ. ಎಚ್. ನರಸಿಂಹಯ್ಯ. ಗೌರಿಬಿದನೂರು ತಾಲೂಕಿನ ಹೊಸೂರಿನ ಬಡ ಮನೆಯ ಹುಡುಗ. ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದುಕೊಂಡೇ ಬಂದವರು. 1942ರ ಚಳವಳಿಯಲ್ಲಿ ಜೈಲು ಕಂಡರು, ಅಮೆರಿಕದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆ ಸ್ಥಾನದಲ್ಲಿದ್ದುಕೊಂಡೇ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸುವ ಸಮಿತಿ ರಚಿಸಿದರು. ಪಾಂಡವಪುರದಲ್ಲಿ ಬಾಲಕನೊಬ್ಬ ವಿಭೂತಿ ಸೃಷ್ಟಿಸುತ್ತಾನೆಂಬ ಸುದ್ದಿ ಬಂದಾಗ ಸಮಿತಿ ಅಲ್ಲಿಗೇ ಹೋಗಿ ನೋಡಿತು. ವಿಭೂತಿ ಬಟ್ಟೆಯೊಳಗೆ ಅಡಗಿದ್ದದ್ದು ಬಯಲಾಯಿತು. ಸತ್ಯ ಸಾಯಿಬಾಬಾ ಅವರಿಗೂ ಪತ್ರ ಬರೆದು ಪರೀಕ್ಷೆಗೆ ಅವಕಾಶ ಕೋರಿದರು, ಉತ್ತರ ಬರಲಿಲ್ಲ. ಟೀಕೆ ಸಾಕಷ್ಟು ಬಂತು. ಆದರೆ ಅವರ ನಡತೆಯ ಮೇಲೆ ಬೆರಳು ತೋರಿಸುವುದು ಕಷ್ಟವಿತ್ತು. ಖಾದಿ ಉಟ್ಟು, ಮದುವೆಯಾಗದೆ, ಹಾಸ್ಟೆಲಿನ ಒಂದು ಕೋಣೆಯಲ್ಲೇ ಬಾಳಿದವರು ಅವರು. ನೀತಿಯ ಬಗ್ಗೆ ಹ್ಯೂಮ್ ಹೇಳಿದ ಮಾತಿಗೆ ಅವರ ಬದುಕೇ ಸಾಕ್ಷಿ.

ಈಗ ನಮ್ಮ ಕಾಕಾನ ವಿಷಯಕ್ಕೆ ಬರುತ್ತೇನೆ. ನಮ್ಮ ನಾಡಿನ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವೇ ಇಲ್ಲ. ವಿಷದ ಹಾವೂ ಕಚ್ಚಿದಾಗಲೆಲ್ಲ ವಿಷ ಇಳಿಸುವುದಿಲ್ಲ. ಮಂತ್ರ ಹಾಕಿಸದಿದ್ದರೂ ಉಳಿಯುತ್ತಿದ್ದವರು ಉಳಿದರು. ಆ ಲೆಕ್ಕ ಮಂತ್ರದ ಹೆಸರಿಗೆ ಜಮಾ ಆಯಿತು. ಸತ್ತವರ ಲೆಕ್ಕವನ್ನು ಹಣೆಬರಹದ ಹೆಸರಿಗೆ ಬರೆದೆವು. ಅಜ್ಜಿ ಕಣ್ಣಾರೆ ಕಂಡದ್ದು ನಿಜ, ಆದರೆ ಅದು ಅರ್ಧ ಲೆಕ್ಕ. ನನ್ನ ಕೆಲಸದಲ್ಲೂ ಹೀಗೇ. ಪ್ರೋಗ್ರಾಂ ನೂರು ಸಲ ಸರಿಯಾಗಿ ನಡೆಯಿತು ಎಂದರೆ ಸಾಲದು. ಎಲ್ಲಿ ಸೋಲಬಹುದು ಎಂದು ಹುಡುಕಿ ನೋಡಬೇಕು. ನಿಜವಾಗಿ ವಿಷ ಏರಿದಾಗ ಅದನ್ನು ಇಳಿಸುವುದು ಆಸ್ಪತ್ರೆಯ ಪ್ರತಿವಿಷದ ಇಂಜೆಕ್ಷನ್ ಒಂದೇ. ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ, ಹಾವು ಕಚ್ಚಿದವರಿಗೆ ವೈದ್ಯಕೀಯ ಚಿಕಿತ್ಸೆ ಕೊಡಿಸದಂತೆ ತಡೆದು ಮಂತ್ರ ಹಾಕುವುದನ್ನು ಅಪರಾಧವೆಂದಿದೆ. ಅದು ನಮ್ಮ ಮನೆಗೆ ತಡವಾಗಿ ಬಂದ ಕಾಯ್ದೆ.

ಬಸವಣ್ಣನವರ ಬಾಗೇವಾಡಿ ನಮಗೆ ಹತ್ತಿರ. ‘ಅನುಭವ’ ಎಂಬ ಮಾತಿಗೆ ಮಂಟಪ ಕಟ್ಟಿದ ಪರಂಪರೆ ನಮ್ಮದು. ಶರಣರ ಅನುಭವ ಒಳಗಿನದು, ಹ್ಯೂಮನ ಅನುಭವ ಹೊರಗಿನದು. ಎರಡೂ ಒಂದೇ ಎಂದರೆ ತಪ್ಪಾದೀತು. ಆದರೂ ಹಿರಿಯರು ಹೇಳಿದರೆಂದು ಮಾತ್ರ ಒಪ್ಪದಿರುವ ಧೈರ್ಯ ಇಬ್ಬರಲ್ಲೂ ಇತ್ತು. ದೇವರ ಮುಂದೆ ದೀಪ ಹಚ್ಚುವವರನ್ನು ಈ ಪ್ರಶ್ನೆ ತಡೆಯುವುದಿಲ್ಲ; ಒಂದು ಜೀವ ನಮ್ಮ ಕೈಯಲ್ಲಿರುವಾಗ ಮಾತ್ರ ಅದನ್ನು ಕೇಳದೆ ಬಿಡಬಾರದು.

ಆ ಮಂತ್ರ ಹಾಕುತ್ತಿದ್ದ ಹಿರಿಯರ ವಿಷಯವನ್ನೂ ಹೇಳಬೇಕು. ಕಾಕಾ ಹೋದ ಮೇಲೆ ಯಾರೇ ಬಂದರೂ ಅವರು ಹೇಳುತ್ತಿದ್ದದ್ದು ಒಂದೇ ಮಾತು: “ಮೊದಲ ದವಾಖಾನಿಗೆ ನಡೀರಿ.” ಲಾಕ್, ಹ್ಯೂಮ್ ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಅನುಭವದಿಂದ ಕಲಿಯುವುದು ಗೊತ್ತಿತ್ತು.

ನಮ್ಮ ಶಾಲೆ ನೂರು ವರ್ಷ ಕಾಣಲಿ. ಇಲ್ಲಿ ಕೂತು ಕಲಿಯುವ ಮಕ್ಕಳು ಗುರುಗಳನ್ನೂ, ನಮ್ಮಂಥ ಹಳೆಯ ವಿದ್ಯಾರ್ಥಿಗಳನ್ನೂ ಧೈರ್ಯವಾಗಿ ಕೇಳಲಿ: “ನಿಮಗ ಹೆಂಗ ಗೊತ್ತು?”

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು