ನಮ್ಮ ಸೀಮೆಯ ಮನೆಗೋಡೆಗಳು: ಅಂದು – ಇಂದು



ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿ 1204ರದು. ಕಲ್ಲಿನದಾದ್ದರಿಂದ ಇಂದಿಗೂ ನಿಂತಿದೆ. ಆ ಕಾಲದ ರೈತರ ಮನೆ ಮಾತ್ರ ನೋಡಲಿಕ್ಕೆ ಸಿಗೂದಿಲ್ಲ. ಯಾಕಂದ್ರ ರೈತನ ಗೋಡೆ ಮಣ್ಣಿನದು.

ಹಿರಿಯರ ಮಣ್ಣಿನ ಗೋಡೆ ಒಂದೂವರೆ ಫೂಟು, ಎರಡು ಫೂಟು ದಪ್ಪ. ಹತ್ತು ಫೂಟು ಉದ್ದ, ಹತ್ತು ಫೂಟು ಎತ್ತರದ ಗೋಡೆಗೆ ಕಡಿಮೆಯೆಂದರೂ ಒಂದೂವರೆ ಬ್ರಾಸ್ ಮಣ್ಣು ಬೇಕು. ಇದು ದುಂದು ಅನಿಸಬಹುದು. ಆದರೆ ಗೋಡೆ ಬಿದ್ದರೆ ಅದೇ ಮಣ್ಣು ನೆನೆಸಿ, ತುಳಿದು ಮತ್ತೆ ಕಟ್ಟುತ್ತಿದ್ದರು. ಇಲ್ಲವೇ ಹಾಳುಮಣ್ಣೆಂದು ಹೊಲಕ್ಕೆ ಹಾಕುತ್ತಿದ್ದರು. ಏನೂ ವ್ಯರ್ಥವಿಲ್ಲ.

ಇದಕ್ಕೆ ನೀರೇ ವೈರಿ. 2019ರ ಆಗಸ್ಟ್ ಮಳೆ–ನೆರೆಯಲ್ಲಿ ನಮ್ಮ ಜಿಲ್ಲೆಯಲ್ಲಿ ಸಾವಿರಾರು ಮನೆ ಬಿದ್ದವು. ಕಣಕುಂಬಿ, ಜಾಂಬೋಟಿ ಕಡೆ ಮಳೆ ಬಹಳ. ಅಂಥಲ್ಲಿ ಎತ್ತರದ ಕಲ್ಲಿನ ಪಾಯಾ, ಮುಂದೆ ಚಾಚಿದ ಹಂಚಿನ ಸೂರು ಇಲ್ಲದಿದ್ದರೆ ಮಣ್ಣಿನ ಗೋಡೆ ತಾಳೂದಿಲ್ಲ.

ಮಲಪ್ರಭಾ ದಂಡೆಯ ಖಾನಾಪುರದ ಮಣ್ಣು ಗಡಿಗೆ, ಹಂಚು, ಇಟ್ಟಂಗಿಗೆ ಹೆಸರುವಾಸಿ. ಬೆಳಗಾವಿ ಬೆಳೆದಂತೆ ಅಲ್ಲಿನ ಇಟ್ಟಂಗಿಗೂ ಗಿರಾಕಿ ಹೆಚ್ಚಿತು. ಒಂಬತ್ತು ಇಂಚಿನ ಗೋಡೆ ಅಂದ್ರ ಅಷ್ಟೇ ಅಳತೆಗೆ ಮುಕ್ಕಾಲು ಬ್ರಾಸ್, ಸುಮಾರು 1,000 ಇಟ್ಟಂಗಿ. ಸಾಮಾನು ಅರ್ಧಕ್ಕೆ ಇಳಿಯಿತು, ಮಳೆಗೂ ತಾಳಿತು. ಆದರೆ ಭಟ್ಟಿಗೆ ಉರುವಲು ಬೇಕು. ಗದ್ದೆಯ ಮೇಲ್ಮಣ್ಣು ಇಟ್ಟಂಗಿಗೆ ಹೋದರೆ ಪೀಕಿಗೆ ಪೆಟ್ಟು. ಒಮ್ಮೆ ಸುಟ್ಟ ಮಣ್ಣು ತಿರುಗಿ ಹೊಲ ಆಗೂದಿಲ್ಲ.

ಈಗ ಆರು ಇಂಚಿನ ಸಿಮೆಂಟ್ ಬ್ಲಾಕ್ ಬಂದಿದೆ. ಅದೇ ಗೋಡೆಗೆ ಅರ್ಧ ಬ್ರಾಸ್, ಸುಮಾರು 110 ಬ್ಲಾಕ್ ಸಾಕು. ಹೊಲದ ಮಣ್ಣು ಉಳಿಯುತ್ತದೆ. ಆದರೆ ಸಿಮೆಂಟ್ ಮಾಡಲಿಕ್ಕೂ ಬೆಂಕಿ ಬೇಕೇ ಬೇಕು. ಬ್ಯಾಸಿಗಿಯಲ್ಲಿ ಮನೆ ಕಾಯುವುದೂ ಉಂಟು.

ನಡುವಿನ ದಾರಿ ಇಲ್ಲದಿಲ್ಲ. ಕೇರಳದಲ್ಲಿ ಲಾರಿ ಬೇಕರ್ ಅವರು ಇಟ್ಟಂಗಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಒಳಗೆ ಟೊಳ್ಳು ಬಿಟ್ಟು ಕಟ್ಟಿಸಿದರು. ಇದರಿಂದ ಸುಮಾರು ಕಾಲುಭಾಗ ಇಟ್ಟಂಗಿ ಉಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಮಣ್ಣಿಗೆ ತುಸು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಬ್ಲಾಕ್ ಮಾಡುವುದನ್ನು ಬೆಳೆಸಿದರು. ಇದಕ್ಕೆ ಮೇಲ್ಮಣ್ಣು ಬೇಡ, ಕೆಳಗಿನ ಮಣ್ಣೇ ಸಾಕು. ಪಾಯಾ ತೆಗೆದ ಮಣ್ಣು ಒಗ್ಗಿದರೆ ಅದೂ ಆದೀತು.

ಆದ್ದರಿಂದ ಮನೆ ಕಟ್ಟುವ ಸದಸ್ಯರು ಗೌಂಡಿಯನ್ನು ಬರೀ ರೇಟು ಕೇಳಿ ಸುಮ್ಮನಾಗಬಾರದು. ಎಷ್ಟು ಬ್ರಾಸ್ ಸಾಮಾನು, ಅದು ಯಾರ ಹೊಲದ್ದು, ನಮ್ಮೂರ ಮಳೆಗೆ ತಾಳೀತೇ ಎಂದೂ ಕೇಳಬೇಕು. ಮನೆ ಏಳುವಾಗ ಹೊಲ ತಗ್ಗಾಗಬಾರದು ಎಂಬುದೇ ನನ್ನ ವಿನಂತಿ.